ರಿಪೇರಿ ವಿಳಾಸಕ್ಕೆ ದಾರಿ

ಫೆಬ್ರವರಿ 4

ಅಪ್ಪ,

ನಿನ್ನೆ ಫೋನಿನಲ್ಲಿ ನಾನು ಕೂಗಿದ್ದು ಈ ಮಹಡಿಯಲ್ಲಿ ಇರುವವರಿಗೆಲ್ಲ ಕೇಳಿಸಿತು, ನಿಮ್ಮೊಬ್ಬರನ್ನು ಬಿಟ್ಟು. ಇನ್ನು ಮೇಲೆ ಹೀಗೆ ಮೇಲ್ ಬರೆದುಬಿಡುತ್ತೇನೆ. ನೀವೇ ಕನ್ನಡಕ ಹಾಕಿಕೊಂಡು ಓದಿ. ಅತ್ತೆಯ ಕೈಲಿ ಓದಿಸಬೇಡಿ, ಅವರು ಒಂದಕ್ಕೆ ಎರಡು ಸೇರಿಸಿ ಓದುತ್ತಾರೆ.

ವಿಷಯ ಇಷ್ಟೇ. ನಮ್ಮ ‘ರಿಪೇರಿ ವಿಳಾಸ’ ವೆಬ್‌ಸೈಟು ಸರ್ಚ್‌ನಲ್ಲಿ ಕೆಳಗೆ ಬಿದ್ದುಹೋಗಿದೆ. ಹೊಲಿಗೆ ಯಂತ್ರ ಕೆಟ್ಟವರು, ಬೀಗ ಕೆಟ್ಟವರು, ಗಾಲಿಕುರ್ಚಿ ಕೆಟ್ಟವರು ಯಾರೇ ಹುಡುಕಲಿ, ಮೊದಲ ಪುಟದಲ್ಲಿ ನಮ್ಮ ಪಟ್ಟಿ ಬರುತ್ತಿತ್ತು. ಈಗ ಪುಟದ ಮೇಲೆ ಪುಟ ತಿರುವಿದರೂ ಇಲ್ಲ. ಬೆರಳು ನೋವು ಬಂದು ಬಿಟ್ಟುಬಿಟ್ಟೆ. ಸರ್ಚ್ ಕಂಪನಿಯವರು ದಂಡ ಹಾಕಿದ್ದೇವೆ ಅಂತ ನೋಟಿಸು ಕಳಿಸಿದ್ದಾರೆ. ಹಣದ ದಂಡವಲ್ಲ, ಹಿಂದಿನ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂರಿಸುವ ದಂಡ. ಕಾರಣ ಏನೇನೋ ಬರೆದಿದ್ದಾರೆ, ಅದನ್ನು ವಿವರಿಸಿದರೆ ನಿಮಗೆ ತಲೆನೋವು ಅಷ್ಟೇ.

ನಿಮಗೆ ಗೊತ್ತಲ್ಲ, ಒಬ್ಬೊಬ್ಬ ರಿಪೇರಿಯವರಿಗೂ ಫೋನ್ ಮಾಡಿ, ದನಿ ಕೇಳಿ, ಯಾವ ಕೆಲಸ ಬರುತ್ತದೆ ಯಾವುದು ಬರುವುದಿಲ್ಲ ಎಂದು ವಿಚಾರಿಸಿ ಸೇರಿಸಿದ ಪಟ್ಟಿ ಇದು. ಈ ದಿನ ಗಾಲಿಕುರ್ಚಿ ರಿಪೇರಿಯವರು ಫೋನ್ ಮಾಡಿದರು. “ಮೇಡಂ, ನಂದೇನಾದ್ರೂ ತಪ್ಪಾಯ್ತಾ? ಯಾರೂ ಫೋನೇ ಮಾಡ್ತಿಲ್ಲ, ನನ್ನ ಹೆಸರು ತೆಗೆದುಬಿಟ್ರಾ?” ಎಂದು ಕೇಳಿದರು. ಇಲ್ಲ ಎಂದು ಹೇಳಿದೆ.

ನೀವು ಚಿಂತೆ ಮಾಡಬೇಡಿ. ನನ್ನ ಪಾಲಿನದನ್ನು ನಾನೇ ಮಾಡುತ್ತಿದ್ದೇನೆ.

ನಿಮ್ಮ
ಗುಬ್ಬಿ


ಫೆಬ್ರವರಿ 7

ಗುಬ್ಬಿ,

ಕಾಗದ ಓದಿದೆ. ನಾನೇ ಓದಿದೆ. ನಿಮ್ಮತ್ತೆ ಪಕ್ಕದಲ್ಲಿ ನಿಂತು ಇಣುಕಿದಳು, ಆದರೆ ಅವಳ ಕನ್ನಡಕ ನನ್ನ ಮೂಗಿನ ಮೇಲಿತ್ತು.

ನೋಡಮ್ಮ, ಬೋರ್ಡು ಬರೆದೇ ನಿನ್ನನ್ನು ಸಾಕಿದವನು ನಾನು. ಜನ ಬರುತ್ತಿಲ್ಲ ಎಂದರೆ ನನಗೆ ಅರ್ಥವಾಗುವುದು ಒಂದೇ, ದಾರಿ ಕಾಣಿಸುತ್ತಿಲ್ಲ. ಹಿಂದೆ ಒಬ್ಬ ಕನ್ನಡಕದ ಅಂಗಡಿಯವನಿದ್ದ, ಗಲ್ಲಿಯೊಳಗೆ ಗಲ್ಲಿ, ಅದರೊಳಗೆ ಅವನ ಅಂಗಡಿ. ಮೂರು ಹೊತ್ತೂ ನೊಣ ಹೊಡೆಯುತ್ತಿದ್ದ. ನಾನು ಸುತ್ತಲಿನ ಮೂಲೆಮೂಲೆಗೂ ಒಂದು ಬೋರ್ಡು ಹಾಕಿ, ಬೆರಳು ಚಾಚಿದ ಕೈ ಬರೆದು, ‘ದಾರಿ ಇತ್ತ ಕಡೆ’ ಎಂದು ಬರೆದೆ. ಕಣ್ಣು ಕಾಣದವರೂ ಹುಡುಕಿಕೊಂಡು ಬಂದರು! ಬೋರ್ಡು ಜಾಸ್ತಿಯಾಗಿ ಅಂಗಡಿ ಮುಚ್ಚಿದ್ದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ.

ಇನ್ನೊಂದು ಮಾತು. ನಾನೂ ಸುಮ್ಮನೆ ಕೂತಿಲ್ಲ. ಚಳಿ ಶುರುವಾದಾಗಿನಿಂದ ಮತ್ತೆ ಕೆಲಸಕ್ಕೆ ಇಳಿದಿದ್ದೇನೆ. ಬೆಳಿಗ್ಗೆ ಟೀ ಕುಡಿದು ಲೈಬ್ರರಿಗೆ ಹೋದರೆ ಊಟದ ಹೊತ್ತಿಗೇ ವಾಪಸು. ಏನು ಕೆಲಸ ಎಂದು ಕೇಳಬೇಡ, ಹೇಳುವುದಿಲ್ಲ. ಫಲ ಬಂದಾಗ ನಿನಗೇ ಗೊತ್ತಾಗುತ್ತದೆ. ನಿಮ್ಮತ್ತೆ “ಈ ವಯಸ್ಸಲ್ಲಿ ಇದೆಲ್ಲ ಬೇಕಾ ನಿಂಗೆ, ಮನೇಲಿ ಬಿದ್ದಿರಬಾರ್ದಾ” ಎನ್ನುತ್ತಾಳೆ. ಅವಳಿಗೇನು ಗೊತ್ತು.

ಧೈರ್ಯವಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಫೆಬ್ರವರಿ 25

ಅಪ್ಪ,

ಉತ್ತರ ತಡವಾಯಿತು, ಬೈಯಬೇಡಿ. ಮೊದಲು ನಿಮ್ಮ ವಿಷಯ. ಲೈಬ್ರರಿಯವರು ನಿಮಗೆ ಬೋರ್ಡು ಬರೆಯುವ ಕೆಲಸ ಕೊಟ್ಟಿದ್ದಾರೆ ಅನ್ನುವುದು ನನಗೆ ಅರ್ಥವಾಯಿತು, ಗುಟ್ಟು ಮಾಡಬೇಡಿ. ಬರೆಯುವುದಿದ್ದರೆ ನೆಲದ ಮೇಲೆ ಕೂತು ಬರೆಯಿರಿ. ದಯವಿಟ್ಟು ಏಣಿ ಹತ್ತಬೇಡಿ. ಈಗ ಇರುವ ಸಂಕಟವೇ ಸಾಕು.

ಇಲ್ಲಿ ಒಬ್ಬರನ್ನು ಕರೆಸಿದ್ದೇನೆ. ಕಾಯಿಲೆ ಬಿದ್ದ ವೆಬ್‌ಸೈಟುಗಳನ್ನು ನೋಡುವುದೇ ಅವರ ಕಸುಬು, ಹಾಗಾಗಿ ನಾವು ಅವರನ್ನು ಡಾಕ್ಟರು ಎಂದೇ ಕರೆಯುತ್ತೇವೆ. ಅವರೂ ಡಾಕ್ಟರಂತೆಯೇ ಮುಖ ಸಣ್ಣದು ಮಾಡಿಕೊಂಡು “ಮುಂಚೆನೇ ಬರಬೇಕಿತ್ತು” ಎಂದರು. ಯಾರೋ ಬೇಕೆಂದೇ ನಮಗೆ ಕೇಡು ಬಗೆಯುತ್ತಿದ್ದಾರಂತೆ. ಹೊಟ್ಟೆಕಿಚ್ಚಿನವರು. ಹೇಗೆ ಏನು ಎಂಬುದೆಲ್ಲ ನಿಮಗೆ ಬೇಡ, ಅದು ಬರೀ ತಾಂತ್ರಿಕ. ನಮ್ಮ ಹೆಸರು ಹಾಳು ಮಾಡಲು ಯಾರೋ ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಯಾರಿರಬಹುದು ಎಂದು ಯೋಚಿಸಿ ಯೋಚಿಸಿ ಎದುರು ಸಿಕ್ಕವರ ಮೇಲೆಲ್ಲ ಅನುಮಾನ ಬರುತ್ತಿದೆ. ಹಿಂದೆ ನಮ್ಮಲ್ಲೇ ಕೆಲಸ ಕಲಿತು ಹೋದ ಹುಡುಗ ಇಂಥದೇ ಪಟ್ಟಿ ಶುರುಮಾಡಿದ್ದಾನಲ್ಲ, ಅವನೇ ಇರಬೇಕು. ಅವನ ಮದುವೆಗೆ ಹೋಗಿ ಊಟ ಮಾಡಿ ಬಂದಿದ್ದೆ ನಾನು.

ಮಿಕ್ಕಂತೆ ಎಲ್ಲ ಚೆನ್ನಾಗಿದೆ.

ಗುಬ್ಬಿ


ಮಾರ್ಚ್ 1

ಗುಬ್ಬಿ,

ಕೇಡು ಬಗೆಯುವವರು ಇದ್ದರೆ ಒಳ್ಳೆಯದು ಬಗೆಯುವವರೂ ಇರುತ್ತಾರೆ. ಅವನು ಒಂದು ಕಡೆ ನಿನ್ನ ಹೆಸರು ಅಳಿಸಿದರೆ ಹತ್ತು ಕಡೆ ಬರೆಯುವವರು ಹುಟ್ಟಿಕೊಳ್ಳುತ್ತಾರೆ, ನೋಡುತ್ತಿರು. ನಿನ್ನ ಕಾಗದ ಬಂದ ದಿನದಿಂದ ನಾನು ಮಧ್ಯಾಹ್ನ ಊಟ ಮುಗಿಸಿ ಇನ್ನೊಂದು ಸಲ ಕೆಲಸಕ್ಕೆ ಹೋಗುತ್ತಿದ್ದೇನೆ. ಲೈಬ್ರರಿಯ ಹೆಂಗಸು “ತಾತ, ನಿಮಗೊಂದು ಹಾಸಿಗೇನೂ ಹಾಕಿಬಿಡ್ತೀವಿ” ಎಂದಳು. ಒಳ್ಳೆಯ ಹೆಂಗಸು, ಏನು ಕೇಳಿದರೂ ಬೇಸರವಿಲ್ಲದೆ ಹೇಳಿಕೊಡುತ್ತಾಳೆ.

ಏಣಿ ಹತ್ತುತ್ತಿಲ್ಲ, ನಿನ್ನಾಣೆ. ಕುರ್ಚಿಯಲ್ಲಿ ಕೂತೇ ಮಾಡುವ ಕೆಲಸ.

ಈ ವಾರದಿಂದ ಜನ ಬರುವುದು ಸ್ವಲ್ಪ ಜಾಸ್ತಿ ಆಗಿರಬೇಕು. ಗಮನಿಸಿ ಬರೆ. ಮರೆಯಬೇಡ, ನಾನು ಕಾಯುತ್ತಿರುತ್ತೇನೆ. ಗಾಲಿಕುರ್ಚಿಯವರಿಗೆ ಫೋನು ಬರಲು ಶುರುವಾಯಿತೇ, ಅದನ್ನೂ ವಿಚಾರಿಸು.

ಅಪ್ಪ


ಮಾರ್ಚ್ 14

ಅಪ್ಪ,

ಜಾಸ್ತಿ ಆಗಿಲ್ಲ. ಇನ್ನೂ ಕಡಿಮೆಯಾಗಿದೆ. ಇನ್ನು ಮೇಲೆ ಅದನ್ನು ಕೇಳಬೇಡಿ ಅಪ್ಪ, ಗಾಯದ ಮೇಲೆ ಉಪ್ಪು ಸವರಿದ ಹಾಗಾಗುತ್ತದೆ. ನೀವು ಪ್ರೀತಿಯಿಂದಲೇ ಕೇಳುತ್ತೀರಿ, ಗೊತ್ತು.

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನನ್ನ ಜೊತೆ ಫೋನಿಗೆ ಕೂರುತ್ತಿದ್ದಳಲ್ಲ, ಆ ಹುಡುಗಿಯನ್ನು ಕಳಿಸಿಬಿಟ್ಟೆ. ಅವಳೇ ನನಗೆ ಸಮಾಧಾನ ಹೇಳಿ ಹೋದಳು. ಆಫೀಸನ್ನೂ ಬಿಟ್ಟೆ. ಈಗ ಅಡುಗೆಮನೆಯ ಮೇಜೇ ಆಫೀಸು, ಕುಕ್ಕರು ಕೂಗಿದಾಗಲೆಲ್ಲ ಫೋನಿನ ಆ ಕಡೆಯವರು ರೈಲು ನಿಲ್ದಾಣದಲ್ಲಿದ್ದೀರಾ ಎನ್ನುತ್ತಾರೆ.

ಒಂದು ಒಳ್ಳೆಯ ಸುದ್ದಿ. ದಂಡ ತೆಗೆಯಿರಿ ಎಂದು ಸರ್ಚ್ ಕಂಪನಿಗೆ ಅರ್ಜಿ ಹಾಕಿದ್ದೇವೆ. ನಮಗೆ ಕೇಡು ಮಾಡಿದವನ ಕೆಲಸವನ್ನೆಲ್ಲ ಹೆಕ್ಕಿ ತೋರಿಸಿ, ‘ಇದನ್ನು ಮಾಡಿದವರಿಗೂ ನಮಗೂ ಯಾವ ಸಂಬಂಧವೂ ಇಲ್ಲ, ಅವರು ಯಾರೆಂದೇ ನಮಗೆ ಗೊತ್ತಿಲ್ಲ’ ಎಂದು ನನ್ನ ಹೆಸರಿನಲ್ಲೇ ಬರೆದುಕೊಟ್ಟೆ. ಆ ಸಾಲು ಬರೆಯುವಾಗ ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಯಿತು. ಅವರು ಒಪ್ಪಿದರೆ ಬದುಕಿಕೊಳ್ಳುತ್ತೇವೆ. ಒಪ್ಪದಿದ್ದರೆ ಪಟ್ಟಿ ಮುಚ್ಚುವುದೊಂದೇ ದಾರಿ. ನನಗೆ ಬೇರೆ ಕೆಲಸ ಸಿಕ್ಕೀತು, ಆದರೆ ಪಟ್ಟಿಯಲ್ಲಿ ಇರುವವರಿಗೆ ಏನು ಹೇಳಲಿ?

ಅವರ ಉತ್ತರ ಬರುವವರೆಗೆ ಏನನ್ನೂ ಕೇಳಬೇಡಿ.

ಗುಬ್ಬಿ


ಮಾರ್ಚ್ 17

ಗುಬ್ಬಿ,

ಆಫೀಸು ಬಿಟ್ಟದ್ದನ್ನು ಮೊದಲೇ ಯಾಕೆ ಹೇಳಲಿಲ್ಲ? ನಾನೇನು ಹೊರಗಿನವನೇ? ಕಾಗದ ಓದಿದ ದಿನ ನನಗೆ ಊಟ ಸೇರಲಿಲ್ಲ. ನಿಮ್ಮತ್ತೆ ಏನೇನೋ ಬಡಿಸಿ, ಕೊನೆಗೆ ಬೈದು ತಟ್ಟೆ ಎತ್ತಿದಳು.

ಏನೂ ಕೇಳುವುದಿಲ್ಲ, ಮಾತು ಕೊಟ್ಟೆ. ಆದರೆ ಕೈ ಕಟ್ಟಿ ಕೂರುತ್ತೇನೆ ಎಂದು ಮಾತು ಕೊಟ್ಟಿಲ್ಲ. ನಿನ್ನ ಅರ್ಜಿ ಅವರ ಮೇಜಿನ ಮೇಲಿರುವ ಈ ದಿನಗಳಲ್ಲೇ ನಾನು ನನ್ನ ಶಕ್ತಿಮೀರಿ ಮಾಡಬೇಕು. ಅವರು ಎತ್ತ ತಿರುಗಿದರೂ ನಿನ್ನ ಹೆಸರು ಕಾಣಬೇಕು.

ಅಪ್ಪ


ಏಪ್ರಿಲ್ 5

ಅಪ್ಪ,

ಅರ್ಜಿ ತಿರಸ್ಕಾರವಾಯಿತು. ಕಾರಣ ಕೇಳಿ. ಅರ್ಜಿ ಅವರ ಮುಂದಿದ್ದ ದಿನಗಳಲ್ಲೇ ಹೊಸ ಹೊಸ ಸೈಟುಗಳು ಹುಟ್ಟಿ ನಮ್ಮ ಕಡೆ ಬೆರಳು ತೋರಿಸಿವೆ. ಒಂದು ಕಡೆ ಕ್ಷಮೆ ಕೇಳುತ್ತಾ ಇನ್ನೊಂದು ಕಡೆ ಅದೇ ತಪ್ಪು ಮಾಡುತ್ತಿದ್ದೀರಿ ಎಂದು ಅವರು ಬರೆದಿದ್ದಾರೆ. ಉದಾಹರಣೆಗೆ ಕೆಲವು ವಿಳಾಸ ಕೊಟ್ಟಿದ್ದರು. ಇಷ್ಟು ದಿನ ಅವನ್ನೆಲ್ಲ ಡಾಕ್ಟರೇ ನೋಡುತ್ತಿದ್ದರು, ನಾನು ಬರೀ ಬಂದವರ ಎಣಿಕೆ ನೋಡಿ ಅಳುತ್ತಿದ್ದೆ. ಈ ದಿನ ಒಂದನ್ನು ನಾನೇ ತೆರೆದೆ.

ಹಳದಿ ಹಿನ್ನೆಲೆ. ಕೆಂಪು ಅಕ್ಷರಕ್ಕೆ ಕಪ್ಪು ನೆರಳು. ‘ಗಾಲಿಕುರ್ಚಿ ಕೆಟ್ಟರೆ ಗಾಬರಿ ಬೇಡ, ದಾರಿ ಇತ್ತ ಕಡೆ.’ ಕೆಳಗೆ ತೋಳಿನ ಪಟ್ಟಿಗೆ ಎರಡು ಗುಂಡಿ ಇರುವ, ಬೆರಳು ಚಾಚಿದ ಕೈ.

ಅಪ್ಪ, ಆ ಕೈ ನಿಮ್ಮದು. ಶಾಲೆಗೆ ಹೋಗುವ ದಾರಿಯ ಮೂಲೆಮೂಲೆಯಲ್ಲೂ ನೋಡಿಕೊಂಡು ಬೆಳೆದವಳು ನಾನು. ಇನ್ನೊಂದು ತೆರೆದೆ, ಅದೇ ಕೈ. ಮತ್ತೊಂದು ತೆರೆದೆ, ಅದೇ.

ನೋಟಿಸಿನಲ್ಲಿ ಇದ್ದ ಕಾರಣ ಇದೇ. ಒಂದು ಸೈಟಿನಿಂದ ಇನ್ನೊಂದಕ್ಕೆ ಹಾಕುವ ದಾರಿಗೆ ಲಿಂಕು ಎನ್ನುತ್ತಾರೆ. ಬೇರೆಯವರು ಮೆಚ್ಚಿ ತಾವಾಗಿ ಹಾಕಿದರೆ ಅದು ಮರ್ಯಾದೆ. ಒಬ್ಬರೇ ಕೂತು ಹತ್ತಾರು ಖಾಲಿ ಸೈಟು ಮಾಡಿ ಹಾಕಿದರೆ ಅದು ಮೋಸ, ಮೇಲೆ ಬರಲು ಮಾಡಿದ ಕಳ್ಳ ದಾರಿ ಎಂದು ಅವರು ನಮ್ಮನ್ನು ಕೆಳಗೆ ತಳ್ಳುತ್ತಾರೆ. ನೀವು ಒಂದೊಂದು ಬೋರ್ಡು ಹಾಕಿದಾಗಲೂ ನಾವು ಒಂದೊಂದು ಮೆಟ್ಟಿಲು ಇಳಿದಿದ್ದೇವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಯಿತು. ನನ್ನ ಹೆಸರು ಹಾಕಿ ಸಂಬಂಧವಿಲ್ಲ ಎಂದು ಬರೆದುಕೊಟ್ಟೆನಲ್ಲ ಅಪ್ಪ! ಅವರ ಕಣ್ಣಿಗೆ ನಾನೀಗ ಸುಳ್ಳಿಯೂ ಆದೆ. ಒಂದು ಮಾತು ಕೇಳಬಾರದಿತ್ತೇ ನೀವು? ಒಂದೇ ಒಂದು ಮಾತು?

ಎಲ್ಲವನ್ನೂ ಅಳಿಸಿಬಿಡಿ. ದಯವಿಟ್ಟು ಹೊಸದು ಒಂದನ್ನೂ ಮಾಡಬೇಡಿ.


ಏಪ್ರಿಲ್ 11

ಅಪ್ಪ,

ಉತ್ತರ ಬರಲಿಲ್ಲ. ನಿನ್ನೆ ಅತ್ತೆಗೆ ಫೋನ್ ಮಾಡಿದ್ದೆ. “ಇದ್ದಾನೆ, ಗೋಡೆ ನೋಡ್ಕೊಂಡು ಕೂತಿದ್ದಾನೆ. ಬರೀತಾನೆ ಬಿಡು” ಎಂದರು. ಅವರು ಒಂದಕ್ಕೆ ಎರಡು ಸೇರಿಸಿ ಹೇಳದೆ ಅಷ್ಟಕ್ಕೇ ನಿಲ್ಲಿಸಿದ್ದು ಕೇಳಿ ನನಗೆ ಭಯವಾಯಿತು.

ಆ ಕೋಣದ ಮಾತು ಬರೆಯಬಾರದಿತ್ತು. ಕೋಪದಲ್ಲಿ ಬಂತು.

ಒಂದು ವಿಷಯ ಆಮೇಲೆ ಗಮನಿಸಿದೆ. ಆ ಚಿತ್ರದ ಕೈಯ ಗೆರೆ ನಡುಗಿದೆ, ಬೆರಳ ತುದಿಯಲ್ಲಂತೂ ಎರಡು ಮೂರು ಸಲ ತಿದ್ದಿದ್ದೀರಿ. ನಿಮ್ಮ ಕೈ ಇಷ್ಟು ನಡುಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕುಂಚ ಹಿಡಿಯುತ್ತೀರಿ, ಏಣಿ ಹತ್ತುತ್ತೀರಿ ಎಂದೇ ನಾನು ಹೆದರಿಕೊಂಡಿದ್ದೆ. ಡಾಕ್ಟರಿಗೆ ತೋರಿಸಿದಿರಾ? ನನ್ನ ಸೈಟಿನ ಡಾಕ್ಟರಿಗಲ್ಲ, ನಿಜವಾದವರಿಗೆ.

ಒಂದು ಸಾಲಾದರೂ ಬರೆಯಿರಿ.

ಗುಬ್ಬಿ


ಏಪ್ರಿಲ್ 19

ಗುಬ್ಬಿ,

ಬರೆಯಲು ಮುಖವಿರಲಿಲ್ಲ, ಅದಕ್ಕೇ ತಡ.

ಕೈ ನಡುಗಲು ಶುರುವಾಗಿ ಬಹಳ ಕಾಲವಾಯಿತು. ತೋರಿಸಿದ್ದೇನೆ, ಮಾತ್ರೆ ನುಂಗುತ್ತಿದ್ದೇನೆ. ಕೊನೆಯ ಸಲ ಬರೆದ ಬೋರ್ಡಿನಲ್ಲಿ ಅಕ್ಷರ ಸೊಟ್ಟಗಾಗಿ, ಅಂಗಡಿಯವನು ಬೇರೆಯವರನ್ನು ಕರೆಸಿ ನನ್ನ ಕಣ್ಣೆದುರಿಗೇ ಅದರ ಮೇಲೆ ಬಣ್ಣ ಬಳಿಸಿದ. ಅದಾದ ಮೇಲೆ ಬ್ರಷ್ಷು ಮುಟ್ಟಲಿಲ್ಲ. ಲೈಬ್ರರಿಯಲ್ಲಿ ಹಿರಿಯರಿಗೆ ಸೈಟು ಮಾಡುವುದು ಕಲಿಸುತ್ತೇವೆ ಎಂದರು, ಹೋದೆ. ಅದರಲ್ಲಿ ಗೆರೆ ಸೊಟ್ಟಗಾದರೆ ಒಂದು ಗುಂಡಿ ಒತ್ತಿ ಅಳಿಸಿ ಮತ್ತೆ ಎಳೆಯಬಹುದು. ನನಗೆ ಎಷ್ಟು ಸಂತೋಷವಾಯಿತು ಎಂದು ಹೇಗೆ ಹೇಳಲಿ. ಮೊದಲ ಬೋರ್ಡು ಯಾರಿಗೆ ಬರೆಯಲಿ ಎಂದು ನಾನು ಯೋಚಿಸಲೇ ಇಲ್ಲ.

ಎಲ್ಲ ಅಳಿಸಿದ್ದೇನೆ. ದಿನಾ ಹೋಗಿ ಒಂದೊಂದಾಗಿ ತೆರೆದು, ಹೆಸರು ನೋಡಿ ಅಳಿಸಿದೆ. ಲೈಬ್ರರಿಯ ಹೆಂಗಸು ಏನೂ ಕೇಳದೆ ನೀರು ತಂದಿಟ್ಟಳು. ಆದರೆ ಮೊದಮೊದಲು ಮಾಡಿದ ಕೆಲವಕ್ಕೆ ಒಳಗೆ ಹೋಗುವ ಗುಪ್ತಪದ ಮರೆತಿದ್ದೇನೆ. ನಿನ್ನ ಹುಟ್ಟಿದ ದಿನ ಹಾಕಿದೆ, ನಿನ್ನ ಅಮ್ಮನ ಹೆಸರು ಹಾಕಿದೆ, ತೆರೆಯಲಿಲ್ಲ. ಅವು ಹಾಗೇ ನಿಂತಿವೆ.

ಅದಕ್ಕೇ ಹೇಳುತ್ತೇನೆ, ನೀನು ಮೊದಲು ಬರೆದುಕೊಟ್ಟದ್ದನ್ನೇ ಮತ್ತೆ ಬರೆ. ಸಂಬಂಧವಿಲ್ಲ, ಯಾರೋ ಗೊತ್ತಿಲ್ಲ ಎಂದು ಬರೆ. ನನಗೆ ಬೇಜಾರಿಲ್ಲ. ಕಂಪನಿಯವರು ಬಂದು ನಮ್ಮ ಮನೆ ಬಾಗಿಲು ತಟ್ಟಿ ಕೇಳುತ್ತಾರೆಯೇ? ನಿನ್ನ ಪಟ್ಟಿ ಉಳಿಯಲಿ, ಅಷ್ಟು ಜನರ ಅನ್ನ ಅದು. ನಾನು ಯಾರೋ ಆಗಿಬಿಡುತ್ತೇನೆ.

ಅಪ್ಪ


ಏಪ್ರಿಲ್ 23

ಅಪ್ಪ,

ನಿಮ್ಮ ಕಾಗದ ಓದಿ ಅಡುಗೆಮನೆಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಅರ್ಜಿ ಬರೆದೆ.

ಸೈಟಿನ ಡಾಕ್ಟರು ನಿಮ್ಮ ಕಡೆಯೇ ಮಾತಾಡಿದರು. “ಯಾರೋ ಆಗದವರು ಮಾಡಿದ್ದು ಅಂದ್ರೆ ಅವರಿಗೂ ಒಂದು ಕನಿಕರ ಇರುತ್ತೆ. ಮನೆಯವರೇ ಅಂದ್ರೆ ನೀವೇ ಮಾಡಿಸಿದ್ದು ಅಂತಾರೆ, ಕಥೆ ಮುಗೀತು” ಎಂದು ಅವರ ವಾದ. ಅವರ ಮಾತಿನಲ್ಲಿ ಹುರುಳಿದೆ. ಆದರೂ ನನ್ನಿಂದ ಆಗಲಿಲ್ಲ. ನಾನು ಬರೆದು ಕಳಿಸಿದ್ದನ್ನು ಹಾಗೇ ಇಲ್ಲಿ ಹಾಕುತ್ತಿದ್ದೇನೆ:

‘ಈ ಸೈಟುಗಳನ್ನು ಮಾಡಿದವರಿಗೂ ನಮಗೂ ಸಂಬಂಧವಿಲ್ಲ ಎಂದು ಹಿಂದಿನ ಅರ್ಜಿಯಲ್ಲಿ ಬರೆದಿದ್ದೆ. ಅದು ನಿಜವಲ್ಲ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಮಾಡಿದವರು ನನ್ನ ತಂದೆ. ಅವರು ಬೋರ್ಡು ಬರೆಯುವ ಕಸುಬಿನವರು. ಮಗಳ ಕೆಲಸಕ್ಕೆ ಜನ ಬರಲಿ ಎಂದು ತಮಗೆ ಗೊತ್ತಿರುವ ರೀತಿಯಲ್ಲಿ ದಾರಿ ತೋರಿಸಿದ್ದಾರೆ. ನಿಮ್ಮ ನಿಯಮದ ಪ್ರಕಾರ ಅದು ತಪ್ಪು, ಒಪ್ಪಿಕೊಳ್ಳುತ್ತೇನೆ. ಅಳಿಸಲು ಸಾಧ್ಯವಾದದ್ದನ್ನೆಲ್ಲ ಅವರೇ ಅಳಿಸಿದ್ದಾರೆ. ಉಳಿದವುಗಳ ವಿಳಾಸ ಕೊಟ್ಟಿದ್ದೇನೆ, ಅವುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆ ಲಿಂಕುಗಳು ನಮಗೆ ಬೇಡ. ಮಾಡಿದವರು ನಮ್ಮವರು.’

ಕಳಿಸಿ ಆಗಿದೆ, ಇನ್ನು ವಾಪಸು ತೆಗೆಯಲು ಬರುವುದಿಲ್ಲ. ನೀವು ಯಾರೋ ಆಗುವುದು ಬೇಡ.

ನಿಮ್ಮ
ಗುಬ್ಬಿ


ಮೇ 8

ಅಪ್ಪ,

ಅವರಿಂದಲೂ ಉತ್ತರವಿಲ್ಲ, ನಿಮ್ಮಿಂದಲೂ ಇಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಮೇಲ್ ನೋಡುತ್ತೇನೆ. ಗಾಲಿಕುರ್ಚಿಯವರು ಇನ್ನೊಂದು ಕಡೆ ಕೂಲಿಗೆ ಸೇರುವುದೋ ಬೇಡವೋ ಎಂದು ನನ್ನನ್ನೇ ಕೇಳಿದರು. ತಿಂಗಳ ಕೊನೆಯವರೆಗೆ ತಡೆಯಿರಿ ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ಗೊತ್ತಿಲ್ಲ.

ಲೈಬ್ರರಿಗೆ ಹೋಗುವುದನ್ನೇ ಬಿಟ್ಟಿದ್ದೀರಂತೆ, ಅತ್ತೆ ಹೇಳಿದರು. ಹೋಗಿ ಅಪ್ಪ. ಕಲಿತದ್ದು ಬಿಡಬೇಡಿ.

ಗುಬ್ಬಿ


ಮೇ 22

ಅಪ್ಪ,

ದಂಡ ತೆಗೆದರು!

ಎರಡೇ ಸಾಲಿನ ಮೇಲ್. ಪರಿಶೀಲಿಸಿದ್ದೇವೆ, ದಂಡ ರದ್ದಾಗಿದೆ ಎಂದು. ನಮ್ಮ ಅರ್ಜಿಯನ್ನು ಒಬ್ಬ ಮನುಷ್ಯ ಓದಿದನೋ ಯಂತ್ರ ಓದಿತೋ, ನಿಮ್ಮ ವಿಷಯ ಓದಿ ಅವರಿಗೆ ಏನನ್ನಿಸಿತೋ, ಒಂದೂ ತಿಳಿಯುವುದಿಲ್ಲ. ಡಾಕ್ಟರು ತಮ್ಮ ಔಷಧಿಯೇ ಕೆಲಸ ಮಾಡಿತು ಎನ್ನುತ್ತಿದ್ದಾರೆ, ಎನ್ನಲಿ.

ತೆಗೆದ ಮಾತ್ರಕ್ಕೆ ಮೊದಲ ಜಾಗ ಸಿಗುವುದಿಲ್ಲವಂತೆ. ಗುಣವಾದ ಮೇಲೂ ನಿಶ್ಶಕ್ತಿ ಇರುತ್ತದಲ್ಲ, ಹಾಗೆ. ಈಗ ಮೂರನೇ ಪುಟದಲ್ಲಿ ಕೆಳಗಡೆ ಇದ್ದೇವೆ. ಮೇಲೆ ಬರುತ್ತೇವೋ, ಇಲ್ಲೇ ನಿಲ್ಲುತ್ತೇವೋ ಯಾರೂ ಹೇಳಲಾರರು. ಆದರೆ ಗಾಲಿಕುರ್ಚಿಯವರಿಗೆ ನಿನ್ನೆ ಒಂದು ಫೋನು ಬಂತಂತೆ. ಒಂದೇ ಒಂದು.

ಈಗಲಾದರೂ ಬರೆಯಿರಿ.

ಗುಬ್ಬಿ


ಮೇ 26

ಗುಬ್ಬಿ,

ನಿನ್ನ ಅರ್ಜಿಯ ಮಾತುಗಳನ್ನು ಇಷ್ಟು ದಿನವೂ ಓದುತ್ತಲೇ ಇದ್ದೆ. ಏನು ಬರೆದರೂ ಅದಕ್ಕೆ ಸರಿಸಮ ಆಗುತ್ತಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ನಿಮ್ಮತ್ತೆಗೆ ನಾನೇ ಓದಿ ಹೇಳಿದೆ. ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು, “ಪಟ್ಟಿ ಹೋಗಿದ್ರೂ ಚಿಂತೆಯಿರಲಿಲ್ಲ ಕಣೋ” ಎಂದಳು. ಹಾಗನ್ನಬೇಡ ಎಂದು ಬೈದೆ.

ಈ ದಿನ ಬಹಳ ದಿನದ ಮೇಲೆ ಲೈಬ್ರರಿಗೆ ಹೋದೆ. ಮೊದಲಿನ ಕುರ್ಚಿಯಲ್ಲೇ ಕೂತೆ. ಹುಡುಕಿ ನೋಡಿದೆ. ಮೊದಲ ಪುಟ ನೋಡಿದೆ, ಎರಡನೆಯದು ನೋಡಿದೆ, ಮೂರನೆಯದರಲ್ಲಿ ಕಂಡಿತು. ನಿನ್ನ ಪಟ್ಟಿಯ ಹೆಸರು, ಕೆಳಗೆ ನೀನೇ ಬರೆದ ಎರಡು ಸಾಲು. ನೋಡುತ್ತಾ ಕೂತೆ.

ಒತ್ತಲಿಲ್ಲ. ಕೈ ಗುಂಡಿಯ ಮೇಲೇ ಇತ್ತು, ಆದರೂ ಒತ್ತಲಿಲ್ಲ. ನಾನು ಮುಟ್ಟಿದರೆ ಮತ್ತೆಲ್ಲಿ ಏನಾಗುತ್ತದೋ, ಅವರಿಗೆ ಹೇಗೋ ಗೊತ್ತಾಗಿ ಮತ್ತೆ ನಿನ್ನನ್ನು ಕೆಳಗೆ ತಳ್ಳುತ್ತಾರೋ ಎಂದು ಭಯವಾಯಿತು. ದೂರದಿಂದ ನೋಡಿಕೊಂಡು ಎದ್ದು ಬಂದೆ. ಚೆನ್ನಾಗಿ ಕಾಣುತ್ತಿತ್ತು.

ನೋಡಿದರೆ ಏನೂ ತೊಂದರೆಯಿಲ್ಲ ತಾನೇ? ಇದ್ದರೆ ಹೇಳು, ಇನ್ನು ನೋಡುವುದೂ ಇಲ್ಲ.

ಅಪ್ಪ


ಮೇ 26

ಅಪ್ಪ,

ನಾಳೆ ಬೆಳಿಗ್ಗೆ ಟೀ ಕುಡಿದು ಲೈಬ್ರರಿಗೆ ಹೋಗಿ. ಮೂರನೇ ಪುಟಕ್ಕೆ ಬನ್ನಿ. ಒತ್ತಿ.

ನಿಮ್ಮಿಂದ ಏನೂ ಆಗುವುದಿಲ್ಲ. ಒಳಗೆ ಬಂದು ಎಷ್ಟು ಹೊತ್ತು ಬೇಕಾದರೂ ಇರಿ, ಒಬ್ಬೊಬ್ಬರ ಪುಟವನ್ನೂ ಓದಿ. ಯಾರು ಬಂದರು, ಯಾವ ಊರಿನಿಂದ ಬಂದರು ಎಂದು ನನಗೆ ಇಲ್ಲಿ ಕಾಣುತ್ತದೆ. ನಾನು ಬೇರೆ ಕೆಲಸವೆಲ್ಲ ಬಿಟ್ಟು ಅದನ್ನೇ ನೋಡುತ್ತಾ ಕೂತಿರುತ್ತೇನೆ.

ಗುಬ್ಬಿ